ಮಾವ ಓದಿದ ಕರಾರು

ಚಿಕ್ಕಪೇಟೆಯ ಬಟ್ಟೆ ಅಂಗಡಿಯನ್ನು ನನ್ನ ಗಂಡನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ ನಮ್ಮ ಮಾವ ಕಂಪ್ಯೂಟರ್ ಕಲಿತರು. ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಎನ್.ಆರ್. ಕಾಲೋನಿಯ ನಮ್ಮ ನಡುಮನೆಯಲ್ಲಿ ಕೂತು ಮನೆತನದ ಚರಿತ್ರೆ ಟೈಪ್ ಮಾಡುತ್ತಿದ್ದರು. ನಲವತ್ತು ಪುಟವಾಗಿದ್ದರೂ ಅದರಲ್ಲಿ ಇನ್ನೂ ಅವರ ಅಜ್ಜ ಹುಟ್ಟಿರಲಿಲ್ಲ.

ಒಮ್ಮೆ ಕಂಪ್ಯೂಟರಿಗೆ ವೈರಸ್ ಬಂತು. ಹನುಮಂತನಗರದಿಂದ ರಿಪೇರಿಯವರು ಬಂದು, ಚರಿತ್ರೆಯನ್ನು ಜೋಪಾನವಾಗಿ ತೆಗೆದಿಟ್ಟು, ವಿಂಡೋಸ್ ಹೊಸದಾಗಿ ಹಾಕಿ, ಮತ್ತೆ ಅದನ್ನು ಒಳಗೆ ಸೇರಿಸಿ ಹೋದರು.

ಆ ವಾರ ನಾನು ಮಾವನ ಕಡೆ ಗಮನ ಕೊಡಲಿಲ್ಲ. ನಾಲ್ಕನೆಯ ದಿನ ನನಗೆ ರಜಾ ಇತ್ತು. ನೋಡಿದರೆ ಮಾವನ ತೊಡೆ ಮೇಲೆ ನಿಘಂಟು, ಎದುರಿಗೆ ನೀಲಿ ಪರದೆಯ ತುಂಬ ಇಂಗ್ಲಿಷ್.

"ಏನ್ ಓದ್ತಿದೀರಿ ಮಾವ?"

"ಕರಾರು ಕಣಮ್ಮ. ದಿನಾ ಬೆಳಿಗ್ಗೆ ಯಾವುದಾದ್ರೂ ಕೀ ಒತ್ತಿ ಅನ್ನತ್ತೆ, ಒತ್ತುತೀನಿ. ಆಮೇಲೆ ಎಂಟರ್ ಒತ್ತಿ ಅನ್ನತ್ತೆ, ಅದನ್ನೂ ಒತ್ತುತೀನಿ. ಆಗ ಇದು ಬರತ್ತೆ, ಒಪ್ಪಿಗೆ ಇದೆಯಾ ಅಂತ ಕೇಳತ್ತೆ. ಊಟದ ಹೊತ್ತಿಗೆ ಆಫ್ ಮಾಡಿಬಿಡ್ತೀನಿ. ಇನ್ನೂ ಒಪ್ಪಿಲ್ಲ. ಓದದೆ ನಾನು ಯಾವುದಕ್ಕೂ ಸಹಿ ಹಾಕಿದವನಲ್ಲ."

ಅದು ವಿಂಡೋಸ್ ಹಾಕುವ ಮುಂಚೆ ಕಂಪನಿಯವರು ಒಪ್ಪಿಗೆ ಕೇಳುವ ಕರಾರು ಎಂದು ಆಗ ಹೊಳೆಯಿತು. ರಿಪೇರಿಯವರು ವಿಂಡೋಸ್ ಹಾಕುವ ಸಿ.ಡಿ.ಯನ್ನು ಒಳಗೇ ಮರೆತು ಹೋಗಿದ್ದರು. ಮಾವ ಒಪ್ಪಿ, ಅಷ್ಟೇ ವಿಧೇಯರಾಗಿ ಮುಂದಿನ ಕೀಗಳನ್ನೂ ಒತ್ತಿದ್ದರೆ ಇಡೀ ವಂಶ ಅಳಿಸಿ ಹೋಗುತ್ತಿತ್ತು.

ಗಾಬರಿಯಲ್ಲಿ ಸ್ವಿಚ್ ಆರಿಸಿದೆ. ಕರೆಂಟ್ ಇಲ್ಲದೆ ಸಿ.ಡಿ. ತಟ್ಟೆ ಈಚೆ ಬರಲಿಲ್ಲ. ಅದರ ಮುಂದೆ ಒಂದು ಸಣ್ಣ ತೂತು ಇರುತ್ತದೆ. ಅತ್ತೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಕೊಟ್ಟರು. ಚುಚ್ಚಿದೆ, ತಟ್ಟೆ ಸರಿಯಿತು, ಸಿ.ಡಿ. ತೆಗೆದೆ.

"ಇದು ವಿಂಡೋಸ್ ಹಾಕೋವಾಗ ಮಾತ್ರ ಬೇಕು ಮಾವ. ಒಳಗಿದ್ರೆ ದಿನಾ ಮತ್ತೆ ಹಾಕ್ಲಾ ಅಂತ ಕೇಳತ್ತೆ. ಕೀ ಒತ್ತದೆ ಸುಮ್ನಿದ್ದಿದ್ರೂ ಸಾಕಿತ್ತು."

"ಅಷ್ಟು ಮರ್ಯಾದೆಯಿಂದ ಕೇಳಿದಾಗ ಸುಮ್ನೆ ಹೇಗಮ್ಮ ಇರೋದು?"

ಕಂಪ್ಯೂಟರ್ ಆನ್ ಮಾಡಿದೆವು. ನಲವತ್ತು ಪುಟಗಳೂ ಇದ್ದವು. ಮಾವನ ಮುಖ ಮಾತ್ರ ಸಪ್ಪಗೇ ಇತ್ತು.

"ಹಾಗಾದ್ರೆ ನನ್ನ ಪರವಾಗಿ ಆ ಕರಾರಿಗೆ ಒಪ್ಪಿದವರು ಯಾರು?"

"ರಿಪೇರಿಯವರೇ, ಅವತ್ತು ವಿಂಡೋಸ್ ಹಾಕೋವಾಗ."

ಮಾವ ಎದ್ದು ಅವರಿಗೆ ಫೋನ್ ಮಾಡಿದರು. "ನೀವದನ್ನ ಪೂರ್ತಿ ಓದಿದ್ರಾ?" ಆ ಕಡೆಯವರು ಏನೆಂದರೋ. "ಪರವಾಗಿಲ್ಲ, ಸಂಜೆ ಬನ್ನಿ, ನಾನು ಹೇಳ್ತೀನಿ."

ಕಂಪ್ಯೂಟರ್ ಮತ್ತೆ ಕೆಟ್ಟಿದೆಯೆಂದುಕೊಂಡು ಆ ಪುಣ್ಯಾತ್ಮ ಚೀಲದ ಸಮೇತ ಬಂದರು. ಎರಡು ಲೋಟ ಕಾಫಿ ಕುಡಿದು, ಇಡೀ ಕರಾರನ್ನು ಕನ್ನಡದಲ್ಲಿ ಕೇಳಿಸಿಕೊಂಡು ಹೋದರು.