ಹೊನ್ನಾಳಿ ಮೇಷ್ಟ್ರ ತೊಟ್ಟಿಯ ಪಾಚಿ

ಮನೆಗಳಲ್ಲಿರುವ ಮೀನಿನ ತೊಟ್ಟಿ ತೊಳೆಯುವುದು ನನ್ನ ಕೆಲಸ. ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರು ಉಪ್ಪುನೀರಿನಲ್ಲಿ ಸಮುದ್ರದ ಮೀನು ಸಾಕಿದ್ದರು. ಎಷ್ಟು ಉಜ್ಜಿದರೂ ಎಂಟೇ ದಿನಕ್ಕೆ ಗಾಜಿಗೆ ಪಾಚಿ ಕಟ್ಟುತ್ತಿತ್ತು.

"ನೀವು ಕೊಟ್ಟ ಉಪ್ಪೇ ಕಲಬೆರಕೆ ಐತೆ" ಎಂದು ಅವರು ನನ್ನ ಮೇಲೆ ಗುಮಾನಿಪಟ್ಟರು. ನನಗೋ, ಅವರು ಶುದ್ಧೀಕರಿಸಿದ ನೀರಿನ ಬದಲು ಬೋರ್‌ವೆಲ್ ನೀರು ಸುರಿಯುತ್ತಾರೆಂಬ ಅನುಮಾನ. ಅವರೆದುರೇ ಎರಡನ್ನೂ ಪರೀಕ್ಷಿಸಿದೆ. ಎರಡೂ ಸರಿಯಾಗಿದ್ದವು.

"ಹಂಗಾರೆ ಮೀನಿಗೆ ಊಟ ಹೆಚ್ಚಾಗೈತ್ರಿ. ಮಿಕ್ಕಿದ್ದು ಕೊಳೆತು ಪಾಚಿ ಬರ್ತೈತೆ. ದಿನಕ್ಕೆ ಎಷ್ಟು ಸಲ ಹಾಕ್ತೀರಿ?" ಎಂದು ಕೇಳಿದೆ.

"ಬೆಳಿಗ್ಗೆ ಒಂದೇ ಸಲ, ನಾನೇ ಹಾಕ್ತೀನಿ" ಎಂದರು.

ಅವರು ಒಳಗೆ ಹೋದಾಗ ಅವರ ಹೆಂಡತಿ ನನ್ನ ಹತ್ತಿರ ಬಂದು, "ಮಧ್ಯಾಹ್ನ ನಾನೂ ಒಂದು ಚಿಟಿಕೆ ಹಾಕ್ತೀನ್ರಿ. ಅವರಿಗೆ ಹೇಳಬ್ಯಾಡ್ರಿ" ಎಂದು ಪಿಸುಗುಟ್ಟಿದರು.

ಹೊರಟಾಗ ಗೇಟಿನವರೆಗೆ ಬಂದ ಮೇಷ್ಟ್ರು ದನಿ ತಗ್ಗಿಸಿದರು. "ಸಂಜೇನೂ ಒಂದಿಷ್ಟು ಹಾಕ್ತೀನ್ರಿ. ಆಕೆಗೆ ಗೊತ್ತಾಗೋದು ಬ್ಯಾಡ."

ಮುಂದಿನ ತಿಂಗಳು ಗಾಜು ತಿಳಿಯಾಗಿತ್ತು. ಯಾರು ನಿಲ್ಲಿಸಿದರೆಂದು ನಾನು ಕೇಳಲಿಲ್ಲ.