ಊಟದ ಹೊತ್ತಿಗೆ ಬರುವ ಗಿರಾಕಿಗಳು

ನಮ್ಮ ವೆಬ್‌ಸೈಟಿಗೆ ಜನ ಬರುವುದು ಮಧ್ಯಾಹ್ನ ಒಂದು ಗಂಟೆಗೆ. ಆಮೇಲೆ ರಾತ್ರಿ ಎಂಟೂವರೆಗೆ. ನಡುವೆ ಹೆಚ್ಚುಕಡಿಮೆ ಯಾರೂ ಸುಳಿಯುವುದಿಲ್ಲ.

ನಾವು ಮಾರುವುದು ಊಟವಲ್ಲ, ಬಟ್ಟೆ. ಖಣದ ಕುಪ್ಪಸ, ಖಣದ ಪರ್ಸು, ಸಣ್ಣ ಹುಡುಗಿಯರಿಗೆ ಖಣದ ಲಂಗ. ಸರಿಯಾಗಿ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಇಷ್ಟೊಂದು ಜನರಿಗೆ ಕುಪ್ಪಸ ಯಾಕೆ ನೆನಪಾಗಬೇಕು? ಹದಿನೈದು ದಿನ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

(ಅನುಮಾನ ನನ್ನ ಹುಟ್ಟುಗುಣ. ಹಾಲಿನವರು ನಕ್ಕರೆ ಹಾಲನ್ನು ಇನ್ನೊಮ್ಮೆ ನೋಡುವವಳು ನಾನು.)

ನಾವು ಅಂದರೆ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ ಮಹಾದೇವಿ. ಅವಳ ಜೊತೆ ಹೊಲಿಯುವ ಕಸ್ತೂರಿ ಮತ್ತು ಶಮೀಮ. ಕಂಪ್ಯೂಟರಿನ ಮುಂದೆ ಕೂತ ನಾನು. ಮಗ್ಗದ ಸದ್ದಿಲ್ಲದ ಓಣಿ ಬನಹಟ್ಟಿಯಲ್ಲಿ ಸಿಗುವುದು ಕಷ್ಟ. ಆ ಸದ್ದಿನ ನಡುವೆ ಚಿಗವ್ವನ ಪಡಸಾಲೆಯಲ್ಲಿ ಮೂರು ಹೊಲಿಗೆ ಯಂತ್ರಗಳಿವೆ. ಗುಳೇದಗುಡ್ಡದಲ್ಲಿ ನೇಯ್ದ ಖಣದ ಬಟ್ಟೆ ಬರುತ್ತದೆ, ಇಲ್ಲಿ ಕುಪ್ಪಸವಾಗುತ್ತದೆ, ಪ್ರತಿ ಸೋಮವಾರ ಗಂಟು ಕಟ್ಟಿಸಿಕೊಂಡು ಜಮಖಂಡಿಯ ಒಂದು ಅಂಗಡಿಗೆ ಹೋಗುತ್ತದೆ. ಎರಡು ಮನೆಗಳ ವಾರ ಆ ಗಂಟಿನ ಮೇಲೆ ನಡೆಯುತ್ತದೆ. ಚಿಗವ್ವನದು ಸೇರಿದರೆ ಮೂರು.

ಆ ಅಂಗಡಿಯ ಸಾವುಕಾರರು ಕೆಟ್ಟವರಲ್ಲ. ಆದರೆ ಚಿಗವ್ವ ಹೋದಾಗಲೆಲ್ಲ ಅರ್ಧ ಗಂಟೆ ನಿಲ್ಲಿಸುತ್ತಾರೆ. ಆಮೇಲೆ ಗಂಟು ಬಿಚ್ಚಿಸಿ, ಎರಡೇ ಬೆರಳಲ್ಲಿ ಕುಪ್ಪಸ ಎತ್ತಿ, "ಈ ಬಣ್ಣ ಹೋಗಂಗಿಲ್ಲ ಬಿಡ್ರಿ" ಎಂದು ಒಂದಷ್ಟು ವಾಪಸ್ ಕೊಡುತ್ತಾರೆ. ಮುಂದಿನ ವಾರ ಅದೇ ಬಣ್ಣ ಕೇಳುತ್ತಾರೆ. ವರ್ಷಗಳಿಂದ ಹೀಗೆ. ಆ ಎರಡು ಬೆರಳಿನಿಂದ ಅವಳನ್ನು ಬಿಡಿಸಬೇಕೆಂದೇ ನಾನು ವೆಬ್‌ಸೈಟ್ ಮಾಡಿಕೊಟ್ಟದ್ದು.

ನಾಲ್ಕು ತಿಂಗಳು ಒಬ್ಬರೂ ಬರಲಿಲ್ಲ. (ಒಬ್ಬರು ಬಂದಿದ್ದರು. ಅದು ನಾನೇ, ಅಪ್ಪನ ಫೋನಿನಿಂದ.) ಹಾಗಾಗಿ ಜಮಖಂಡಿಯಲ್ಲಿ ನಾಲ್ಕು ಭಾನುವಾರ ನಡೆದ ಆನ್‌ಲೈನ್ ಮಾರ್ಕೆಟಿಂಗ್ ಕ್ಲಾಸಿಗೆ ಸೇರಿದೆ. ಕೊನೆಯ ಬೆಂಚಿನಲ್ಲಿ ಕೂತೆ.

ಕಲಿಸಿದ ಸರ್ ಹೊರಗಿನಿಂದ ಬಂದವರು, ಒಳ್ಳೆಯ ಮಾತುಗಾರರು. ಒಳ್ಳೆಯ ಮಾತುಗಾರರೆಂಬ ಕಾರಣಕ್ಕೇ ನಾನು ಪ್ರತಿಯೊಂದನ್ನೂ ಎರಡು ಸಲ ಬರೆದುಕೊಂಡೆ. ಉಪಯೋಗದ ಮಾತುಗಳೂ ಇದ್ದವು, ಇಲ್ಲವೆನ್ನಲಾರೆ. ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಅಳತೆ ಇಂಚಿನಲ್ಲಿ ಬರೆಯಿರಿ. ಪುಟ ಬೇಗ ತೆರೆಯುವಂತಿರಲಿ. ಆಮೇಲೆ ಮುಧೋಳ ನಾಯಿಯ ಮರಿ ಮಾರುವವರೊಬ್ಬರು ಎದ್ದು ಕೇಳಿದರು: "ನಾಕ ಮರಿ ಅಷ್ಟ ಉಳದಾವ ಅಂತ ಹಾಕೂನೇನ್ರಿ ಸರ್? ಖರೇನ ನಾಕ ಅದಾವ."

"ಹಾಕಿ. ಯಾವಾಗಲೂ ಅದನ್ನೇ ಹಾಕಿರಿ."

"ಮಾರಿದ ಮ್ಯಾಲೂ?"

"ಮಾರಿದ ಮೇಲೂ."

ಕ್ಲಾಸು ನಕ್ಕಿತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಮೂರನೇ ಭಾನುವಾರ ಜಾಹೀರಾತಿನ ಪಾಠ. ಜನ ಯಾವ ಪದ ಟೈಪ್ ಮಾಡಿ ಹುಡುಕುತ್ತಾರೋ ಆ ಪದದ ಮೇಲೆ ನಮ್ಮ ಜಾಹೀರಾತನ್ನು ಕೂರಿಸಬೇಕು. ಅದಕ್ಕೆ ಕೀವರ್ಡ್ ಎನ್ನುತ್ತಾರೆ. ನಾನು 'ಖಣ' ಎಂಬುದನ್ನು ಇಂಗ್ಲಿಷಿನ ಐದು ಅಕ್ಷರಗಳಲ್ಲಿ ಬರೆದು ಕೂರಿಸಿದೆ. ಜಾಹೀರಾತು ಕಾಣಬೇಕಾದ ಊರುಗಳೆಂದು ಪುಣೆ, ಸೊಲ್ಲಾಪುರ, ಹೈದರಾಬಾದ್ ಆರಿಸಿದೆ. ಎರಡೇ ದಿನದಲ್ಲಿ ವೆಬ್‌ಸೈಟಿಗೆ ಬಂದವರ ಗ್ರಾಫು ಗೋಡೆ ಹತ್ತಿದ ಹಲ್ಲಿಯ ಹಾಗೆ ಮೇಲೆ ಹೋಯಿತು.

ಕೊನೆಯ ಭಾನುವಾರ ಸರ್ ಅದನ್ನು ಪರದೆಯ ಮೇಲೆ ಹಾಕಿಸಿದರು. "ಬನಹಟ್ಟಿ ಮೇಡಂ ಗ್ರಾಫ್ ನೋಡಿ." ಚಪ್ಪಾಳೆ.

"ಬಂದವರು ಯಾರೂ ಕೊಳ್ಳುತ್ತಿಲ್ಲ ಸರ್" ಎಂದೆ.

"ಮೊದಲು ಟ್ರಾಫಿಕ್ ಬರಲಿ ಮೇಡಂ."

"ಊಟದ ಹೊತ್ತಿಗೇ ಯಾಕೆ ಬರುತ್ತಾರೆ?"

"ಊಟ ಮಾಡುವಾಗ ಎಲ್ಲರೂ ಫೋನ್ ನೋಡುತ್ತಾರಲ್ಲ?"

ಎಷ್ಟು ಸಲೀಸಾದ ಉತ್ತರ. ಸಲೀಸಾದ ಉತ್ತರಗಳನ್ನು ನಾನು ಇನ್ನೂ ಹೆಚ್ಚು ಅನುಮಾನಿಸುತ್ತೇನೆ. ಮರುದಿನ ಅವರ ಮುಂದಿನ ಬ್ಯಾಚಿನ ಪೋಸ್ಟರು ಎಲ್ಲರ ಮೊಬೈಲಿಗೂ ಬಂತು. ಅದರಲ್ಲಿ ನಮ್ಮ ಗ್ರಾಫು, ಕೆಳಗೆ 'ಬನಹಟ್ಟಿಯ ಖಣದ ಉದ್ಯಮದ ಯಶಸ್ಸು' ಎಂಬ ಸಾಲು. ನಮ್ಮನ್ನು ಯಾರೂ ಕೇಳಿರಲಿಲ್ಲ. (ನನ್ನ ಹೆಸರು ಹಾಕಿರಲಿಲ್ಲ, ಪುಣ್ಯ. ವಾಟ್ಸ್‌ಆ್ಯಪಿನಲ್ಲೂ ಫೋಟೋ ಇಡದವಳು ನಾನು.)

ಆದರೆ ಪೋಸ್ಟರು ಚಿಗವ್ವನ ಕೈಗೂ ಸಿಕ್ಕಿತು. ಅಲ್ಲಿಂದ ಕೆಲಸ ಕೆಟ್ಟಿತು.

"ಸೋಮವಾರ ಸಾವುಕಾರಗ ಹೇಳೇ ಬರ್ತೀನಿ" ಎಂದಳು. "ಇನ್ನ ನಿಮ್ಮ ಅಂಗಡಿಗಿ ಮಾಲ ಕೊಡಂಗಿಲ್ರಿ ಅಂತ."

"ಸ್ವಲ್ಪ ತಡಿ ಚಿಗವ್ವಾ. ಆರ್ಡರ್ ಬರಲಿ."

"ಮಂದಿ ಬರಾಕತ್ತಾರ ಅಂತ ತೋರಿಸಿದಾಕಿ ನೀನ. ಈಗ ತಡಿ ಅನ್ನಾಕಿನೂ ನೀನ."

ಕಸ್ತೂರಿ ಯಂತ್ರ ನಿಲ್ಲಿಸಿ ತಲೆ ಎತ್ತಿದಳು. "ಅಕ್ಕಾರ, ಅಂಗಡಿ ಬಿಟ್ಟ ಮ್ಯಾಲ ಕಂಪ್ಯೂಟರ್‌ದಾಗ ಏನೂ ಬರಲಿಲ್ಲಂದ್ರ ನಾವ ಏನ ಹೊಲಿಯೂನ್ರಿ?"

"ನೀ ಸುಮ್ನ ಕಾಜಾ ಮಾಡ ಬೇ."

ಕಸ್ತೂರಿ ಮತ್ತೆ ಯಂತ್ರಕ್ಕೆ ಬಗ್ಗಿದಳು. ನನಗೆ ಸಮಾಧಾನವಾಗಲಿಲ್ಲ. ಸಾವುಕಾರರಿಗೆ ಒಮ್ಮೆ ಬೇಡವೆಂದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಖಣದ ಗಂಟು ಹಿಡಿದು ಅವರ ಅಂಗಡಿಗೆ ಬರುವವರು ಇನ್ನೂ ಹಲವರಿದ್ದಾರೆ.

ಶನಿವಾರ ಮಧ್ಯಾಹ್ನ ಚಿಗವ್ವನ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ರೊಟ್ಟಿ ಮುರಿಯುವಷ್ಟರಲ್ಲಿ ಅವಳ ಫೋನು ರಿಂಗಾಯಿತು. ವೆಬ್‌ಸೈಟಿನಲ್ಲಿರುವುದು ಅವಳದೇ ನಂಬರು. ಕೈ ಹಿಟ್ಟಾಗಿದ್ದರಿಂದ ಸ್ಪೀಕರ್ ಹಚ್ಚಿದಳು. ಪುಣೆಯ ಗಂಡುದನಿ.

"ಖಾನಾ ಹೈ ಕ್ಯಾ?"

"ಹಾಂಜಿ, ಹೈ. ಕೌನ್ಸಾ ಹೋನಾ?" ಎಂದಳು ಚಿಗವ್ವ. ಬಾಜಾರದಲ್ಲಿ ಕಲಿತ ಹಿಂದಿ, ಎಲ್ಲೂ ಅಡ್ಡಿಯಿಲ್ಲ.

"ಕ್ಯಾ ಕ್ಯಾ ಹೈ?"

"ರೇಶಿಮಿ ಹೈ, ಕಾಟನ್ ಹೈ. ಧೋನೆ ಸೇ ರಂಗ್ ನಹೀ ಜಾತಾ." ತೊಳೆದರೆ ಬಣ್ಣ ಹೋಗುವುದಿಲ್ಲವಂತೆ.

ಆ ಕಡೆಯವರು ಮತ್ತೊಮ್ಮೆ 'ಹಲೋ' ಎಂದರು. ಆಮೇಲೆ, "ವೆಜ್ ಹೈ ಯಾ ನಾನ್‌ವೆಜ್?"

ಚಿಗವ್ವ ಫೋನಿಗೆ ಸೆರಗು ಮುಚ್ಚಿ ನನ್ನತ್ತ ತಿರುಗಿದಳು. "ತೇರದಾಳದ ಬಸದಿ ಕಡಿ ಜೈನ ಮಂದಿ ರೇಶಿಮಿ ಹುಳದ್ದು, ಬ್ಯಾಡ ಅಂತಾರಲ್ಲ, ಇಂವಾನೂ ಅವರ ಪೈಕಿ ಕಾಣಸ್ತಾನ." ನಾನು ಬಾಯಿ ತೆರೆಯುವ ಮೊದಲೇ ಸೆರಗು ಸರಿಸಿ ಉತ್ತರ ಕೊಟ್ಟಳು: "ಕಾಟನ್ ವೆಜ್ ಹೈ ಜಿ. ರೇಶಿಮಿ ನಾನ್‌ವೆಜ್."

ಫೋನ್ ಕಟ್ಟಾಯಿತು.

"ದಿನಾ ಹಿಂಗ ನೋಡ. ಮಾತಾಡ್ತಾರ, ಇಟ್ಟಬಿಡ್ತಾರ. ಲೈನ್ ಸರಿ ಇಲ್ಲ ಕಾಣಸ್ತೈತಿ."

ನಾನು ಕೈ ತೊಳೆದು ಕಂಪ್ಯೂಟರ್ ತೆರೆದೆ. ಜನ ನಿಜವಾಗಿ ಯಾವ ಮಾತು ಹುಡುಕಿ ಬಂದರು ಎಂದು ತೋರಿಸುವ ಪಟ್ಟಿಯೊಂದು ಇರುತ್ತದೆ. ಸರ್ ಅದನ್ನು 'ಅಡ್ವಾನ್ಸ್ ಕೋರ್ಸಿನಲ್ಲಿ ನೋಡೋಣ' ಎಂದು ದಾಟಿಸಿದ್ದರು. ಪಟ್ಟಿ ಹೀಗಿತ್ತು: ಘರ್ ಕಾ ಖಾನಾ. ಸಸ್ತಾ ಖಾನಾ. ಖಾನಾ ಹೋಮ್ ಡೆಲಿವರಿ. ಹತ್ತಿರದಲ್ಲಿ ಖಾನಾ. ಕೆಳಗೆ ಕೆಳಗೆ ಹೋದೆ. ಕುಪ್ಪಸದ ಖಣ ಹುಡುಕಿ ಬಂದವರು ಆರೇ ಮಂದಿ.

ತಪ್ಪು ಸರ್ ಅವರದಲ್ಲ, ನನ್ನದು. ನಮ್ಮ ಕಡೆ ಅಂಗಡಿಯ ಬೋರ್ಡಿನ ಮೇಲೆ khana ಎಂಬ ಆ ಐದು ಅಕ್ಷರ ಕಂಡರೆ ನಮಗೆ ಕಾಣುವುದು ಕುಪ್ಪಸವೇ. ಹಿಂದಿ ಓದುವವರಿಗೆ ಕಾಣುವುದು ಅನ್ನ, ದಾಲು. ಪದಗಳು ಊರು ದಾಟಿದರೆ ಅರ್ಥ ಬದಲಿಸುತ್ತವೆಂದು ಎಂ.ಎ.ಯಲ್ಲಿ ಎರಡು ವರ್ಷ ಓದಿದವಳು ನಾನು. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಚಿಗವ್ವನಿಗೆ ಹೇಳಲು ಒಂದು ತಾಸು ಬೇಕಾಯಿತು. ಹೇಳಿದೆ.

"ಅಷ್ಟೂ ಮಂದಿ ಹಸದವರೇನ?"

"ಹೂಂ."

"ಪಾಪ" ಎಂದಳು. "ನಮ್ಮ ಖಣಕ್ಕ ಬಂದವರು?"

"ಆರು ಮಂದಿ, ಚಿಗವ್ವಾ."

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಕಸ್ತೂರಿಯತ್ತ ತಿರುಗಿ, "ಸೋಮವಾರದ ಗಂಟಿಗೆ ಇನ್ನ ಎಷ್ಟ ಕುಪ್ಪಸ ಆಗಬೇಕ?" ಎಂದು ಕೇಳಿದಳು. ಕಸ್ತೂರಿಯ ಯಂತ್ರ ನನಗಿಂತ ಮೊದಲು ಉಸಿರುಬಿಟ್ಟಿತು. ನಾನು ಆ ಐದು ಅಕ್ಷರ ಕಿತ್ತುಹಾಕಿ 'ಖಣದ ಬ್ಲೌಸ್' ಎಂದು ಪೂರ್ತಿ ಬರೆದೆ. ಗ್ರಾಫು ಅಡ್ಡ ಮಲಗಿತು. ಪೋಸ್ಟರಿನಲ್ಲಿ ಮಾತ್ರ ಇನ್ನೂ ನಿಂತೇ ಇದೆ.

ಸೋಮವಾರ ಚಿಗವ್ವ ನನ್ನನ್ನೂ ಬಸ್ ಹತ್ತಿಸಿಕೊಂಡು ಹೋದಳು. ಸಾವುಕಾರರು ಅವತ್ತು ನಿಲ್ಲಿಸಲಿಲ್ಲ. ತಾವೇ ಮಾತು ತೆಗೆದರು. "ಏನ್ ಬಾಯಾರ, ನಿಮ್ಮದು ಭಾರಿ ನಡದೈತಂತ? ಮೊಬೈಲ್‌ನ್ಯಾಗ ಪೋಸ್ಟರ್ ಬಂದಿತ್ತು. ಅಷ್ಟ ಮಂದಿ ಖರೇನ ಬರ್ತಾರೇನ್ರಿ?"

ಚಿಗವ್ವ ನನ್ನ ಕಡೆ ನೋಡಲಿಲ್ಲ.

"ಬಂದಾರ್ರಿ. ಪುಣೆ, ಸೊಲ್ಲಾಪುರ, ಹೈದರಾಬಾದ್. ಫೋನ್ ಕೆಳಗ ಇಡಾಕ ಬಿಟ್ಟಿಲ್ರಿ."

"ಹಂಗಂತ ನಮ್ಮನ್ನ ಮರೀಬ್ಯಾಡ್ರಿ ಮತ್ತ."

"ನಿಮ್ಮನ್ನ ಮರಿಯೂದು ಹೆಂಗ್ರಿ? ಖರೆ, ಬಣ್ಣ ಅದು ಇದು ಅಂತ ಮಾಲ ತಿರುಗಿಸಿದ್ರ ನಮಗೂ ಬ್ಯಾರೆ ಗಿರಾಕಿ ನೋಡೂದ ಆಕ್ಕತಿ."

ಕುರ್ಚಿ ಬಂತು. ಚಹಾ ಬಂತು. ಗಂಟು ಪೂರ್ತಿ ಒಳಗೆ ಹೋಯಿತು, ಒಂದು ಕುಪ್ಪಸವೂ ವಾಪಸ್ ಬರಲಿಲ್ಲ. ನಾನು ಚಹಾದ ಲೋಟದಲ್ಲಿ ಮುಖ ಇಟ್ಟು ನಗು ತಡೆದುಕೊಂಡೆ.

ಬಸ್ಸಿನಲ್ಲಿ ಬರುವಾಗ ಅವಳ ಮಾತನ್ನು ಒಂದೊಂದಾಗಿ ಪರೀಕ್ಷಿಸಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗೆ ನೋಡಿದರೆ ಸರ್ ಅವರ ಪೋಸ್ಟರಿನ ಗ್ರಾಫೂ ಸುಳ್ಳಲ್ಲ. ಅದನ್ನು ನೋಡಿ ಸಿಟ್ಟಾದ ನನಗೆ ಇದನ್ನು ಕೇಳಿ ನಗು ಬಂದದ್ದು ಯಾಕೆ?