ಕೀಲಿಗೆ ಬಗ್ಗದ ಇಂಜಿನ್, ಹಲಗೆ ಹಿಡಿದ ಮೇಷ್ಟ್ರು

ಕೃಷಿಯಂತ್ರಗಳ ಶಿಕ್ಷಣದಲ್ಲಿ ಪಾಠ ಹೇಳುವವರು ಬಹಳ. ಕೈಗೆ ಮಸಿ ಹತ್ತಿಸಿಕೊಂಡು, ತಾವು ಎಡವಿದ್ದನ್ನೂ ಪಾಠವಾಗಿಸಿ ಕಲಿಸುವವರು ವಿರಳ. ತರಬೇತಿ ಶಾಲೆಯ ಕಾರ್ಯಾಗಾರದ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ಇಂಜಿನ್ ಮೇಷ್ಟ್ರು ಆ ವಿರಳರ ಸಾಲಿನವರು. ಸೇವೆಗೆ ಸೇರಿದ ಹೊಸತರಲ್ಲಿ ಅವರು ಅಪ್ಪಟ ಪೆಟ್ರೋಲ್ ಮನುಷ್ಯ; ಕೈ ಪಳಗಿದ್ದೆಲ್ಲ ಪೆಟ್ರೋಲ್ ಇಂಜಿನ್ನುಗಳಲ್ಲೇ, ಸಿಟ್ಟೂ ಹಾಗೆಯೇ ಭಗ್ಗೆಂದು ಹೊತ್ತಿಕೊಳ್ಳುವಂಥದ್ದು. ಬಸ್ಸು ತಪ್ಪಿದ ಶಿಷ್ಯರನ್ನು ಮನೆಗೆ ಕರೆದೊಯ್ದು ಉಣ್ಣಿಸುತ್ತಿದ್ದರು. ಸ್ಪ್ಯಾನರ್ ಕಳೆದವರ ಜನ್ಮವನ್ನೇ ಜಾಲಾಡುತ್ತಿದ್ದರು.

ಅವರಿಗೆ ಪರೀಕ್ಷೆ ಬಂದದ್ದು ಮನೆಯೊಳಗಿನಿಂದಲೇ. ಅಣ್ಣ ತೀರಿಕೊಂಡ ಮೇಲೆ ಅವರ ಹಳೆಯ ಟ್ರ್ಯಾಕ್ಟರನ್ನು ಅತ್ತಿಗೆಯೇ ಓಡಿಸುತ್ತಿದ್ದರು. ಅದೋ, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು.

"ಮಾರ್ಬಿಡಿ ಅತ್ತಿಗೆ" ಎಂದರು ಮೇಷ್ಟ್ರು.

"ನಿಮ್ಮಣ್ಣ ಕೂತ ಸೀಟು ಕಣೋ. ಡೀಸೆಲ್ ಮಾಡಿಕೊಡು" ಎಂದರು ಅತ್ತಿಗೆ.

ಪೆಟ್ರೋಲ್ ಇಂಜಿನ್ನಿನ ಮೈ ಡೀಸೆಲ್ಲಿನ ಒತ್ತಡ ತಾಳದು. ಆದ್ದರಿಂದ ಮೇಷ್ಟ್ರು ಅದನ್ನು ಪೂರ್ತಿ ಕೆಳಗಿಳಿಸಿ, ಆ ಜಾಗದಲ್ಲಿ ಬೇರೊಂದು ಹಳೆಯ ಡೀಸೆಲ್ ಇಂಜಿನ್ನನ್ನು ಶಾಲೆಯ ಕಾರ್ಯಾಗಾರದಲ್ಲೇ ಶಿಷ್ಯರೊಂದಿಗೆ ಕೂರಿಸಿದರು.

ಮೊದಲ ಸಲ ತಾವೇ ಹತ್ತುವೆನೆಂದು ಅತ್ತಿಗೆ ಹಠ ಹಿಡಿದರು. ಎದುರಿಗೆ ಶಿಷ್ಯರು, ಅವರ ಬೆನ್ನಿಗೆ ಗೋಡೆ. ಇಂಜಿನ್ ಶುರುವಾಗಿ ಚಪ್ಪಾಳೆ ಬಿತ್ತು. ಅತ್ತಿಗೆ ಕ್ಲಚ್ ತುಳಿದು ಗೇರು ಹಾಕಿದ್ದೇ ತಡ, ಇಂಜಿನ್ನಿಗೆ ಡೀಸೆಲ್ ಹಾಯಿಸುವ ಪಂಪಿನೊಳಗೇನೋ ಸಿಕ್ಕಿಕೊಂಡು ಇಂಜಿನ್ನಿನ ವೇಗ ತಾನಾಗಿಯೇ ಏರತೊಡಗಿತು. ಕಿಟಕಿಗಳು ಅದುರಿದವು, ಶಿಷ್ಯರು ಮರಗಟ್ಟಿ ನಿಂತರು.

"ಕೀ ತಿರುಗ್ಸಿ ಅತ್ತಿಗೆ, ಕೀ!"

"ತಿರುಗ್ಸಿದೀನಿ ಕಣೋ! ನಿಲ್ತಾ ಇಲ್ಲ!"

ಮೇಷ್ಟ್ರಿಗೆ ಆಗ ಹೊಳೆಯಿತು. ಪೆಟ್ರೋಲ್ ಇಂಜಿನ್ ಕೀಲಿಗೆ ನಿಲ್ಲುತ್ತದೆ. ಡೀಸೆಲ್ ಇಂಜಿನ್ನಿಗೆ ಎಣ್ಣೆಯನ್ನೇ ತಡೆಯಬೇಕು. ಎಳೆದರೆ ಎಣ್ಣೆ ತಡೆಯುವ ತಂತಿಯನ್ನು ಹಳೆಯ ಅಭ್ಯಾಸಬಲದಿಂದ ಅವರು ಜೋಡಿಸಿಯೇ ಇರಲಿಲ್ಲ. ಅತ್ತಿಗೆಯ ಕಾಲು ಕ್ಲಚ್ಚಿನಿಂದ ಜಾರಿದರೆ ಶಿಷ್ಯರ ಕಥೆ ಮುಗಿಯಿತು. ಇಂಜಿನ್ ಸಿಡಿದರೆ ಅತ್ತಿಗೆಯ ಕಥೆ. ಅವರು ಗಾಳಿಯ ಕೊಳವೆಯನ್ನು ಕಿತ್ತೆಸೆದು, ಇಂಜಿನ್ನು ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆಯೊಂದನ್ನು ಒತ್ತಿ, ಎದೆಕೊಟ್ಟು ನಿಂತರು. ಉಸಿರುಗಟ್ಟಿದ ಇಂಜಿನ್ ಕೆಮ್ಮಿ, ನಡುಗಿ, ನಿಂತಿತು.

ಮೇಷ್ಟ್ರು ಸ್ಪ್ಯಾನರನ್ನು ಮೂಲೆಗೆಸೆದರು. "ಇಳೀರಿ ಅತ್ತಿಗೆ. ಕಲಿಸೋ ಯೋಗ್ಯತೆ ನನಗಿಲ್ಲ. ನಾಳೆಯಿಂದ ಈ ಕೆಲಸಾನೇ ಬೇಡ."

ಅತ್ತಿಗೆ ಸ್ಟಿಯರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದರು. "ಇಳಿಯಲ್ಲ. ನೀನು ಸರಿಮಾಡು, ನಾನು ಇಲ್ಲೇ ಕೂತಿರ್ತೀನಿ."

ಮೇಷ್ಟ್ರು ಸ್ಪ್ಯಾನರ್ ಹೆಕ್ಕಿ ತಂದು, ಪಂಪು ಬಿಚ್ಚಿ ಸಿಕ್ಕು ಬಿಡಿಸಿ, ಮರೆತ ತಂತಿಯನ್ನು ಜೋಡಿಸುವವರೆಗೂ ಅತ್ತಿಗೆ ಸೀಟಿನಿಂದ ಅಲುಗಲಿಲ್ಲ. ಮತ್ತೆ ಇಂಜಿನ್ ಶುರುಮಾಡಿದರು, ತಂತಿ ಎಳೆದರು, ಇಂಜಿನ್ ತೆಪ್ಪಗೆ ನಿಂತಿತು. ಮೇಷ್ಟ್ರು ಶಿಷ್ಯರ ಎದುರೇ ಅತ್ತುಬಿಟ್ಟರು. ಆಮೇಲೆ ಬಂದ ಪ್ರತಿ ತಂಡಕ್ಕೂ ಅವರ ಮೊದಲ ಪಾಠ ಇಂಜಿನ್ ನಿಲ್ಲಿಸುವುದೇ ಆಗಿತ್ತು. ಆ ದಿನದ ತಮ್ಮ ಮರೆವನ್ನು ಅವರು ಎಂದೂ ಮುಚ್ಚಿಡಲಿಲ್ಲ.

ಮೇಷ್ಟ್ರ ಈ ಅಭಿನಂದನ ಗ್ರಂಥಕ್ಕಾಗಿ ಎರಡು ಮಾತು ಕೇಳಲು ಹೋದಾಗ ಅತ್ತಿಗೆ ಹೇಳಿದರು: "ನನಗೂ ಜೀವ ಬಾಯಿಗೆ ಬಂದಿತ್ತಪ್ಪ. ಆದ್ರೆ ಅವತ್ತು ನಾನು ಇಳಿದಿದ್ರೆ ಅವನು ಮತ್ತೆ ಸ್ಪ್ಯಾನರ್ ಮುಟ್ತಾ ಇರ್ಲಿಲ್ಲ. ಅದಕ್ಕೇ ಕೂತೆ."

ಈ ಮಾತನ್ನು ಮೇಷ್ಟ್ರು ಇಂದಿಗೂ ಕೇಳಿಲ್ಲ. ಈ ಪುಟದಲ್ಲೇ ಮೊದಲು ಓದಲಿದ್ದಾರೆ. ಅವರು ನೂರ್ಕಾಲ ಬಾಳಲಿ, ಆ ಕೈಗಳಿಗೆ ಎಂದೂ ಕೆಲಸ ತಪ್ಪದಿರಲಿ. ಓದಿ ಕಣ್ಣೊರೆಸಿಕೊಂಡ ಮೇಲೆ ಅತ್ತಿಗೆಯ ಮನೆಗೊಮ್ಮೆ ಹೋಗಿಬರಲಿ, ಕ್ಲಚ್ ಜಾರುತ್ತಿದೆಯಂತೆ.